ತಾಂತ್ರಿಕ ನೆರವಿನ ಟವಲ್

ತಾಂತ್ರಿಕ ನೆರವು ಬರುತ್ತಿದೆ ಎಂದು ಬೆಂಗಳೂರಿನಿಂದ ಕಾಗದ ಬಂದ ದಿನವೇ ನಮ್ಮ ಸಾಹೇಬರು ಕೋಲಾರದ ಕಚೇರಿಯ ಗೋದಾಮು ಖಾಲಿ ಮಾಡಿಸಿದರು. ಒಳಗಿದ್ದ ಹರಕು ಗೋಣಿಚೀಲ, ತಟ್ಟೆ ಕಳೆದುಕೊಂಡ ತಕ್ಕಡಿ, ಹಿಂದಿನ ಸಾಹೇಬರ ಬೀಳ್ಕೊಡುಗೆಗೆಂದು ತಂದು ಕೊಡದೇ ಉಳಿದ ಗೋಡೆ ಗಡಿಯಾರ, ಎಲ್ಲವೂ ಹಿತ್ತಲಿಗೆ ಹೋದವು. ನೆಲ ತೊಳೆಸಿ, ಬಾಗಿಲಿಗೆ ಮಾವಿನೆಲೆ ತೋರಣ ಕಟ್ಟಿಸಿ, ಯಂತ್ರ ಇಳಿಸಲು ನಾಲ್ಕು ಜನ ಹಮಾಲರನ್ನು ಬೆಳಿಗ್ಗೆ ಏಳಕ್ಕೇ ಹಗ್ಗ, ಹಾರೆ ಸಮೇತ ನಿಲ್ಲಿಸಿದ್ದರು. ಮೂರು ಫೇಸ್ ಕರೆಂಟು ಬೇಕಾದೀತೆಂದು ಲೈನ್‌ಮನ್‌ಗೂ ಹೇಳಿಯಾಗಿತ್ತು. ಹನ್ನೊಂದು ಗಂಟೆಗೆ ಜೀಪು ಬಂತು. ಅದರಿಂದ ಉದ್ದನೆಯ, ಕೆಂಪಗಿನ ಮನುಷ್ಯರೊಬ್ಬರು ಇಳಿದರು. ಕೈಯಲ್ಲಿ ಒಂದು ಚರ್ಮದ ಚೀಲ, ಹೆಗಲ ಮೇಲೆ ಒಂದು ಟವಲ್. ಹಮಾಲರು ಜೀಪಿನ ಹಿಂಭಾಗ ಇಣುಕಿ ನೋಡಿದರು. ಅಲ್ಲಿ ಸ್ಟೆಪ್ನಿ ಬಿಟ್ಟರೆ ಏನೂ ಇರಲಿಲ್ಲ.

"ಮಿಷಿನ್ನು ಹಿಂದ್ಗಡೆ ಲಾರೀಲಿ ಬರ್ತೈತಾ ಸಾರ್?" ಎಂದು ಒಬ್ಬ ನನ್ನನ್ನು ಕೇಳಿದ.

ನಾನು ಆ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಮುಂದಿನ ಮೂರು ವಾರಗಳಲ್ಲಿ ನಾನು ತಿರುಗಿಸದೆ ನುಂಗಿಕೊಂಡ ಮಾತುಗಳಲ್ಲಿ ಅದು ಮೊದಲನೆಯದು.

ಇದು ಎಂಬತ್ತರ ದಶಕದ ನಡುವಿನ ಒಂದು ಮಾವಿನ ಸುಗ್ಗಿಯ ಮಾತು. ನಾನು ಆಗ ಮಾರುಕಟ್ಟೆ ಸಮಿತಿಯಲ್ಲಿ ಮೇಲ್ವಿಚಾರಕ. ಹೋಳೂರಿನ ಕಡೆಯ ರಾಗಿ ಹೊಲದಿಂದ ಬಂದವನು, ಬಿ.ಎ. ಮಾಡಿದವನು, ಇಂಗ್ಲಿಷಿನಲ್ಲಿ ರಜಾ ಅರ್ಜಿ ಬರೆದರೆ ಮೇಲಿನವರು ತಿದ್ದದೆ ಸಹಿ ಹಾಕುತ್ತಿದ್ದರು ಎಂಬ ಹೆಗ್ಗಳಿಕೆ ಇದ್ದವನು. ಬಂದಿದ್ದ ತಜ್ಞರು ಯಾವುದೋ ಅಂತರರಾಷ್ಟ್ರೀಯ ಸಂಸ್ಥೆಯ ಕಡೆಯವರು. ವ್ಯಾಪಾರಿಗಳು ಗುಟ್ಟಾಗಿ ಕೂಡಿಕೊಂಡು ದರ ಕಟ್ಟಿದರೆ ಬೆಳೆದವನಿಗೂ ಕೊಳ್ಳುವವನಿಗೂ ಮೋಸ. ಅದನ್ನು ಹಿಡಿಯಲು ಕಾನೂನು ಬೇಕು, ಕಚೇರಿ ಬೇಕು, ಹಿಡಿಯುವುದು ಹೇಗೆಂದು ಗೊತ್ತಿರಬೇಕು. ಅದನ್ನು ಕಲಿಸುವುದೇ ಅವರು ತಂದಿದ್ದ ನೆರವು. ದೆಹಲಿಯಲ್ಲಿ ದೊಡ್ಡವರಿಗೆ, ಬೆಂಗಳೂರಿನಲ್ಲಿ ಅದಕ್ಕಿಂತ ಸ್ವಲ್ಪ ಚಿಕ್ಕವರಿಗೆ ಉಪನ್ಯಾಸ ಮಾಡಿ, ಕೊನೆಗೆ ನಿಜವಾದ ಮಾರುಕಟ್ಟೆ ನೋಡಲೇಬೇಕೆಂದು ಹಟ ಹಿಡಿದರಂತೆ. ಪ್ರತಿಯೊಬ್ಬ ಅಧಿಕಾರಿಯೂ ಅವರನ್ನು ತನ್ನ ಕೆಳಗಿನವನಿಗೆ ದಾಟಿಸಿದ. ನನ್ನ ಕೆಳಗೆ ದಾಟಿಸಲು ಯಾರೂ ಇರಲಿಲ್ಲವಾದ್ದರಿಂದ ಅವರು ನನ್ನಲ್ಲಿ ನಿಂತರು.

ನಮ್ಮ ಸಾಹೇಬರಿಗೆ ಯಂತ್ರ ಇಲ್ಲ ಎಂಬುದನ್ನು ಅರಗಿಸಿಕೊಳ್ಳಲು ಆಗಲೇ ಇಲ್ಲ. "ಏನೂ ತರದೆ ಅಷ್ಟು ದೂರದಿಂದ ಯಾರಾದ್ರೂ ಬರ್ತಾರೇನ್ರೀ?" ಎಂದು ದಿನಕ್ಕೊಮ್ಮೆ ನನ್ನನ್ನೇ ಗದರುತ್ತಿದ್ದರು. ತಜ್ಞರ ಬಳಿ ಇದ್ದ ಏಕೈಕ ಸಾಮಾನೆಂದರೆ ಆ ಟವಲ್. ನಮ್ಮ ಬಿಸಿಲಿಗೆ ಅವರು ಧಾರಾಕಾರ ಬೆವರುತ್ತಿದ್ದರು, ಒರೆಸಿಕೊಳ್ಳುತ್ತಲೇ ಇರುತ್ತಿದ್ದರು. ಹಾಲಿನ ಕೆನೆ ಬಣ್ಣ, ಎರಡೂ ಅಂಚಿಗೆ ನೀಲಿ ಪಟ್ಟಿ, ಕಂಬಳಿಯಷ್ಟು ಮಂದ. ಪ್ರವಾಸಿ ಬಂಗಲೆ ನೋಡಿಕೊಳ್ಳುತ್ತಿದ್ದ ಮೇಟಿ ಅದನ್ನು ಸಂಜೆ ಒಗೆದು ಹಾಕಿದರೆ ಬೆಳಿಗ್ಗೆಗೂ ಒಣಗಿರುತ್ತಿರಲಿಲ್ಲ. ಹಸಿ ಟವಲ್ಲನ್ನೇ ಹೆಗಲಿಗೆ ಹಾಕಿಕೊಂಡು ಅವರು ಜೀಪು ಹತ್ತುತ್ತಿದ್ದರು.

ಮೊದಲು ಹೋದದ್ದು ಮಾಲೂರಿಗೆ. ಇಟ್ಟಿಗೆ, ಹೆಂಚಿನ ಗೂಡುಗಳ ಮಾಲೀಕರನ್ನು ಒಂದು ಹುಣಸೆಮರದ ಕೆಳಗೆ ಕೂರಿಸಿದ್ದೆ. ತಜ್ಞರು ಬಹಳ ಎಚ್ಚರದಿಂದ, ನಾಲ್ಕು ಸುತ್ತು ಬಳಸಿಕೊಂಡು ಬಂದು ಕೇಳಿದರು: ನೀವು ಯಾವಾಗಲಾದರೂ, ಅಕಸ್ಮಾತ್ತಾಗಿ, ಒಬ್ಬರಿಗೊಬ್ಬರು ದರದ ವಿಷಯ ಮಾತಾಡುವುದುಂಟೆ? ಅವರ ದೇಶದಲ್ಲಿ ಈ ಪ್ರಶ್ನೆಗೆ ಉತ್ತರ ಹೊರಡಿಸಬೇಕಾದರೆ ವಕೀಲರು, ಸಮನ್ಸು, ವರ್ಷಗಟ್ಟಲೆ ಅಲೆದಾಟ ಬೇಕಂತೆ.

"ದಿನಾ ಮಾತಾಡ್ತೀವಿ ಸಾರ್!" ಎಂದರು ಅಲ್ಲಿನ ಹಿರಿಯ ಮಾಲೀಕರು, ಎದೆಯುಬ್ಬಿಸಿ. "ಬೆಳಿಗ್ಗೆ ಕಾಫಿ ಕುಡೀತಾ ಎಲ್ಲಾ ಸೇರಿ ರೇಟು ಹಾಕ್ಕೊಂಡೇ ಗೂಡಿಗೆ ಹೋಗೋದು. ನಮ್ಮಲ್ಲಿ ಪೈಪೋಟಿ, ಕಿತ್ತಾಟ ಅನ್ನೋದೇ ಇಲ್ಲ. ಬರ್ಕೊಳ್ಳಿ."

ತಜ್ಞರು ಬರೆದುಕೊಂಡರು. ಯಾರಾದರೂ ಇದನ್ನು ಮೀರಿ ಕಡಿಮೆ ದರಕ್ಕೆ ಮಾರಿದರೆ ಏನು ಮಾಡುತ್ತೀರಿ ಎಂದು ಕೇಳಿದರು.

"ಒಬ್ಬ ಮಾರ್ದ ಸಾರ್, ಇಲ್ಲೇ ಕೂತವ್ನೆ. ಕರ್ದು ಬುದ್ಧಿ ಹೇಳಿದ್ವಿ. ದೇವಸ್ಥಾನದಾಗೆ ನಿಂತು ತಪ್ಪಾಯ್ತು ಅಂದ. ಈಗ ಭಾಳ ಒಳ್ಳೇವ್ನು."

ಎರಡನೇ ಸಾಲಿನಲ್ಲಿ ಕೂತಿದ್ದ ಆ ಒಳ್ಳೆಯವನು ಎದ್ದು ನಿಂತು ತಜ್ಞರಿಗೆ ಕೈಮುಗಿದ. ನಾನು ಸರಿಯಾಗಿ ಅನುವಾದಿಸುತ್ತಿದ್ದೇನೆಯೇ ಎಂದು ತಜ್ಞರು ಮೂರು ಸಲ ಕೇಳಿದರು. ಆಮೇಲೆ ಮಾಲೀಕರೆಲ್ಲ ಸೇರಿ ಅವರಿಗೆ ಹಾರ ಹಾಕಿ, ತೆಂಗಿನಕಾಯಿ ಕೊಟ್ಟು, ಬಾಳೆಹಣ್ಣು ತಿನ್ನಿಸಿ ಕಳಿಸಿದರು. ಜೀಪಿನಲ್ಲಿ ಹಾರ ಹಾಕಿಕೊಂಡೇ ಕೂತ ಮನುಷ್ಯ, ಇಪ್ಪತ್ತು ವರ್ಷದ ಕೆಲಸದಲ್ಲಿ ಇಂಥ ತಪ್ಪೊಪ್ಪಿಗೆ ಕೇಳಿಲ್ಲವೆಂದೂ, ಹಾರ ಹಾಕಿದವರ ಮೇಲೆ ವರದಿ ಬರೆಯುವುದು ಹೇಗೆಂದೂ ಕೊರಗತೊಡಗಿದರು. ನನಗೆ ಕೋಪವೇ ಬಂತು. ನಮ್ಮವರು ಹೊಂದಿಕೊಂಡು ಬಾಳುವುದನ್ನೂ ತಪ್ಪೆನ್ನುವವನು ಇನ್ನೇನನ್ನು ಮೆಚ್ಚಿಯಾನು ಅನಿಸಿತು. ಆದರೆ ಆ ವರ್ಷ ಮನೆಗೆ ಹೆಂಚು ಹೊದಿಸಿದ್ದ ನನಗೆ, ಆರು ಗೂಡು ಸುತ್ತಿದರೂ ಒಂದೇ ದರ ಯಾಕೆ ಹೇಳಿದರೆಂಬುದು ಅವತ್ತೇ ಹೊಳೆದದ್ದು. ಅದನ್ನು ತಜ್ಞರಿಗೆ ಹೇಳಿಕೊಳ್ಳಲಿಲ್ಲ.

ಮುಳಬಾಗಿಲಿನಲ್ಲಿ ಹೋಟೆಲಿನವರು. ಎಲ್ಲಾ ಬೋರ್ಡಿನಲ್ಲೂ ದೋಸೆಗೆ ಒಂದೇ ಬೆಲೆ, ಒಂದೇ ಪೇಂಟರಿನ ಕೈಬರಹ. "ಬೇರೆ ಬೇರೆ ರೇಟ್ ಇದ್ರೆ ಪಾಪ ಗಿರಾಕಿ ತಲೆ ಕೆಡ್ತದೆ ಸಾರ್" ಎಂದರು. ತಜ್ಞರು ಬರೆದುಕೊಳ್ಳಲು ಪೆನ್ನು ತೆಗೆಯುವಷ್ಟರಲ್ಲಿ ದೋಸೆ ಬಂತು. ಮೂರು ತಿಂದರು. ಆ ಊರಿನ ಪುಟದಲ್ಲಿ ಅವರು ದರದ ಬಗ್ಗೆ ಬರೆದದ್ದಕ್ಕಿಂತ ಬೆಣ್ಣೆಯ ಬಗ್ಗೆ ಬರೆದದ್ದೇ ಹೆಚ್ಚು. ವಕ್ಕಲೇರಿಯಲ್ಲಿ ಹಾಲು ಹಾಕುವ ಹೆಂಗಸರು, "ನೀರು ಬೆರ್ಸಿದ್ನ ಹಿಡ್ಯೋ ಮಿಷಿನ್ ತಂದವ್ರೆ ಅಂದ್ರಲ್ಲ, ಎಲ್ಲಿ ತೋರ್ಸಿ" ಎಂದು ಜೀಪನ್ನೇ ಸುತ್ತುವರಿದರು. ಇಬ್ಬರು ಮಾತ್ರ ತಂಬಿಗೆ ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ಸರಿದದ್ದನ್ನು ನಾನು ನೋಡಿದೆ.

ಕೊನೆಗೆ ಶ್ರೀನಿವಾಸಪುರ. ಅಲ್ಲಿಗೆ ಹೋಗುವ ಮೊದಲು ನನ್ನ ಸೋದರತ್ತೆಯ ಮಾತು ಹೇಳಬೇಕು, ಏಕೆಂದರೆ ಈ ಕಥೆಯಲ್ಲಿ ನಿಜವಾಗಿ ಏನನ್ನಾದರೂ ಕಳೆದುಕೊಳ್ಳುವ ಅಪಾಯವಿದ್ದವಳು ಅವಳೊಬ್ಬಳೇ. ಶ್ರೀನಿವಾಸಪುರದಿಂದ ಒಂದು ಹರದಾರಿ ದೂರದ ಹಳ್ಳಿಯಲ್ಲಿ ಅವಳಿಗೆ ಇಪ್ಪತ್ತೆರಡು ಮರದ ಮಾವಿನ ತೋಪು. ಅವಳ ಗಂಡ ತೀರಿಕೊಂಡ ಮೇಲೆ ಮೈದುನ ಅದನ್ನು ಪ್ರತಿವರ್ಷ ಮರ ಹೂ ಬಿಟ್ಟಿರುವಾಗಲೇ ಗುತ್ತಿಗೆಗೆ ಕೊಡುತ್ತಿದ್ದ. ತೆಗೆದುಕೊಳ್ಳುತ್ತಿದ್ದವರು ಶ್ರೀನಿವಾಸಪುರದ ಅತಿ ದೊಡ್ಡ ಖರೀದಿದಾರರು. ಊರೆಲ್ಲ ಅವರನ್ನು ದೊಡ್ಡ ಯಜಮಾನರು ಎನ್ನುತ್ತಿತ್ತು. ಗುತ್ತಿಗೆ ಕೊಟ್ಟ ದಿನದಿಂದ ಹಣ್ಣು ಮುಗಿಯುವವರೆಗೆ ಅತ್ತೆಗೆ ತನ್ನ ತೋಪಿನೊಳಗೆ ಕಾಲಿಡಲು ಕಾವಲುಗಾರನ ಅಪ್ಪಣೆ ಬೇಕಿತ್ತು. ಉಪ್ಪಿನಕಾಯಿಗೆ ನಾಲ್ಕು ಕಾಯಿ ಕಿತ್ತಳೆಂದು ಒಂದು ವರ್ಷ ಆ ಕಾವಲುಗಾರ ಅವಳ ಬುಟ್ಟಿ ಜಾಲಾಡಿದ. ಗಂಡನ ಜೊತೆ ಸೇರಿ ನೀರು ಹೊತ್ತು ಬೆಳೆಸಿದ ಮರಗಳು ಅವು.

ಆ ವರ್ಷ ಅತ್ತೆ ಗುತ್ತಿಗೆಗೆ ಒಪ್ಪಲಿಲ್ಲ. ನನ್ನ ಹಣ್ಣು ನಾನೇ ಮಾರುತ್ತೇನೆ ಎಂದಳು. ಮೈದುನ ಊರಿನ ನಾಲ್ಕು ಜನರ ಮುಂದೆ ಷರತ್ತು ಹಾಕಿದ: ಮೊದಲ ಗಾಡಿ ಹಣ್ಣು ಸಾವಿರ ರೂಪಾಯಿ ದಾಟಿದರೆ ತೋಪು ಅವಳ ಕೈಗೆ, ದಾಟದಿದ್ದರೆ ಉಳಿದ ಹಣ್ಣೂ ಮುಂದಿನ ವರ್ಷಗಳೂ ಗುತ್ತಿಗೆಗೆ, ಅವಳು ತುಟಿ ಬಿಚ್ಚುವಂತಿಲ್ಲ. ಅತ್ತೆ ಒಪ್ಪಿಕೊಂಡು ಬಂದಿದ್ದಳು.

ನಾನು ತಜ್ಞರನ್ನು ಊಟಕ್ಕೆಂದು ಅವಳ ಮನೆಗೆ ಕರೆದುಕೊಂಡು ಹೋದೆ. ಅವರು ಮುದ್ದೆಯನ್ನು ಅಗಿಯಲು ಹೋಗಿ ಬಹಳ ಹೊತ್ತು ಬಾಯಿ ಆಡಿಸಿದರು.

"ನುಂಗಕ್ಕೆ ಹೇಳು ನಾಯ್ನಾ, ಪಾಪ ದವಡೆ ನೋವು ಬರ್ತದೆ" ಎಂದಳು ಅತ್ತೆ. ನಮ್ಮತ್ತೆ ಕನ್ನಡ ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದಳು. "ಏಮಿ ತಂದವ್ರೆ ಇವ್ರು? ಮಿಷಿನ್ನಾ?"

"ಮಿಷಿನ್ ಇಲ್ಲ ಅತ್ತೆ. ಬುದ್ಧಿ ಹೇಳಕ್ಕೆ ಬಂದವ್ರೆ."

"ಬುದ್ಧಿ ಹೇಳೋರು ನಮ್ಮನೇಲೇ ಇದ್ರಲ್ಲ" ಎಂದು ಮೈದುನನ ಮನೆಯ ಕಡೆ ಕತ್ತು ತಿರುಗಿಸಿದಳು. ಆಮೇಲೆ ಗೂಟಕ್ಕೆ ನೇತುಹಾಕಿದ್ದ ತಜ್ಞರ ಟವಲ್ಲನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. "ಅಬ್ಬಾ, ಎಂಥ ಮಂದ! ನಮ್ಮ ಮಂಡಿ ಟವಲ್ಲು ಜಾಳು ಜಾಳು. ಯಜಮಾನ್ರ ಗುಮಾಸ್ತ ಟವಲ್ ಮೇಲಿಂದ್ಲೇ ಬೆರಳು ಎಣಿಸ್ಬಿಡ್ತಾನಂತೆ. ಯಾರು ಎಷ್ಟು ಅಂದ್ರು ಅಂತ ಅವ್ರ ಕಿವೀಲಿ ಊದ್ತಾನೆ. ನಂಗೆ ಅದೇ ಭಯ ಕಣೋ."

ಶ್ರೀನಿವಾಸಪುರದ ಮಂಡಿಯಲ್ಲಿ ಆಗ ವ್ಯಾಪಾರ ನಡೆಯುತ್ತಿದ್ದುದು ಟವಲ್ ಕೆಳಗೆ. ಮಾರುವವನ ಪರವಾಗಿ ದಲ್ಲಾಳಿ ತನ್ನ ಕೈಯ ಮೇಲೆ ಟವಲ್ ಹೊದೆಸಿಕೊಳ್ಳುತ್ತಾನೆ. ಕೊಳ್ಳುವವರು ಒಬ್ಬೊಬ್ಬರಾಗಿ ಬಂದು ಒಳಗೆ ಕೈ ತೂರಿಸುತ್ತಾರೆ. ಅಂಗೈ ಒತ್ತಿದರೆ ಸಾವಿರ, ಹಿಡಿದ ಬೆರಳಷ್ಟು ನೂರು. ಬಾಯಿ ಮುಚ್ಚಿರುತ್ತದೆ. ಎಲ್ಲರ ಕೈ ನೋಡಿದ ಮೇಲೆ ದಲ್ಲಾಳಿ ಹಣ್ಣು ಯಾರಿಗೆ ಎಂದಷ್ಟೇ ಹೇಳುತ್ತಾನೆ. ದರ ಆ ಇಬ್ಬರಿಗೆ ಮಾತ್ರ ಗೊತ್ತು. ಈ ಪದ್ಧತಿ ನಿಲ್ಲಬೇಕೆಂದು ನಮ್ಮ ಇಲಾಖೆಯಿಂದ ವರ್ಷಕ್ಕೊಂದು ಸುತ್ತೋಲೆ ಬರುತ್ತಿತ್ತು. ನಾವು ಅದನ್ನು ವರ್ಷಕ್ಕೊಮ್ಮೆ ಫೈಲಿಗೆ ಹಾಕುತ್ತಿದ್ದೆವು.

"ಭಯ ಬಿಡು ಅತ್ತೆ" ಎಂದೆ. "ನಿನ್ನ ಹಣ್ಣಿಗೆ ಟವಲ್ಲೇ ಬೇಡ. ಮೈಕಲ್ಲಿ ಕೂಗ್ಸಿ ಮಾರ್ತೀನಿ. ಎಲ್ರಿಗೂ ಕೇಳೋ ಹಂಗೆ. ಒಬ್ರು ಏರ್ಸಿದ್ರೆ ಇನ್ನೊಬ್ರು ಏರ್ಸ್ತಾರೆ. ಇವ್ರು ಪ್ರಪಂಚ ಎಲ್ಲಾ ಸುತ್ತಿ ಕಲ್ತು ಬಂದವ್ರೆ."

ನನ್ನ ಈ ಧೈರ್ಯಕ್ಕೆ ಕಾರಣವಿತ್ತು. ಹಿಂದಿನ ದಿನ ತಜ್ಞರು ಟವಲ್ ವ್ಯಾಪಾರ ನೋಡಿ ಬೆಚ್ಚಿಬಿದ್ದಿದ್ದರು. ಬೆಲೆಯನ್ನು ಬಟ್ಟೆಯಡಿ ಮುಚ್ಚಿಡುವುದೇ? ಇದಕ್ಕಿಂತ ದೊಡ್ಡ ಕಳ್ಳಾಟ ಇನ್ನುಂಟೆ? ಎಲ್ಲ ಬಯಲಿಗೆ ಬರಲಿ, ಒಂದು ದಿನ ಬಹಿರಂಗ ಹರಾಜು ಮಾಡಿ ತೋರಿಸೋಣ ಎಂದಿದ್ದರು. ಯಂತ್ರ ಬಾರದೆ ಸಪ್ಪಗಾಗಿದ್ದ ನಮ್ಮ ಸಾಹೇಬರು ಕೂಡಲೇ ಮೈಕ್ ಸೆಟ್ಟಿಗೆ ಹೇಳಿಬಿಟ್ಟರು. ಕೊನೆಗೂ ಕರೆಂಟಿನಿಂದ ನಡೆಯುವ ಒಂದು ಸಾಮಾನು ಸಿಕ್ಕಿತಲ್ಲ ಎಂಬ ಸಮಾಧಾನ ಅವರ ಮುಖದಲ್ಲಿತ್ತು. ಪ್ರದರ್ಶನಕ್ಕೆ ಯಾರ ಹಣ್ಣು ಎಂಬ ಪ್ರಶ್ನೆ ಬಂದಾಗ ನನ್ನ ಅತ್ತೆಯದು ಎಂದವನು ನಾನೇ. ಯಾರೂ ಬಲವಂತ ಮಾಡಿರಲಿಲ್ಲ.

ಹರಾಜಿನ ದಿನ ಬೆಳಿಗ್ಗೆ ಮಂಡಿಯಲ್ಲಿ ಜಾತ್ರೆಗಿಂತ ಹೆಚ್ಚು ಜನ. ಅತ್ತೆಯ ರಸಪುರಿ ಹಣ್ಣು ಹುಲ್ಲಿನ ಮೇಲೆ ರಾಶಿಯಾಗಿ ಬಿದ್ದಿತ್ತು. ಅವಳು ರಾಶಿಯ ಪಕ್ಕ ನೆಲದ ಮೇಲೆ ಕೂತಿದ್ದಳು. ಮೈದುನ ಸ್ವಲ್ಪ ದೂರದಲ್ಲಿ ಬೀಡಿ ಸೇದುತ್ತಾ ನಿಂತಿದ್ದ. ಐದು ಜನ ಖರೀದಿದಾರರು ಮುಂದಿನ ಸಾಲಿನಲ್ಲಿದ್ದರು: ದೊಡ್ಡ ಯಜಮಾನರು, ಅವರ ಅಳಿಯ, ಅವರ ಅಂಗಡಿಯಲ್ಲಿ ಬಾಡಿಗೆಗಿದ್ದ ಒಬ್ಬರು, ಅವರ ಲಾರಿಗಳಲ್ಲೇ ತಮ್ಮ ಹಣ್ಣು ಕಳಿಸುತ್ತಿದ್ದ ಮತ್ತೊಬ್ಬರು, ಮತ್ತು ಮದನಪಲ್ಲಿ ಕಡೆಯಿಂದ ಬಂದ ಒಬ್ಬ ಎತ್ತರದ ವ್ಯಾಪಾರಿ. ಆತ ರಾತ್ರಿ ತಂಗುತ್ತಿದ್ದುದೂ ಯಜಮಾನರ ಮನೆಯ ಜಗಲಿಯಲ್ಲೇ. ಈ ಪಟ್ಟಿಯನ್ನು ಆಗ ನಾನು ಗಮನಿಸಿರಲಿಲ್ಲ. ಗಮನಿಸಿದ್ದರೆ ಮೈಕನ್ನು ಮುಟ್ಟುತ್ತಿರಲಿಲ್ಲ.

ತಜ್ಞರು ಐದು ನಿಮಿಷ ಪೈಪೋಟಿಯ ಮಹತ್ವ ವಿವರಿಸಿದರು. ನಾನು ಎರಡು ನಿಮಿಷದಲ್ಲಿ ಅನುವಾದಿಸಿದೆ. ಆಮೇಲೆ ಗಂಟಲು ಸರಿಮಾಡಿಕೊಂಡು, "ಈಗ ಒಳ್ಳೆ ರಸಪುರಿ ಹಣ್ಣು, ಒಂದು ಗಾಡಿ. ಕೂಗ್ರಿ!" ಎಂದೆ.

ಎಲ್ಲರೂ ದೊಡ್ಡ ಯಜಮಾನರ ಮುಖ ನೋಡಿದರು. ಅವರು ಒಂದು ಹಣ್ಣು ಎತ್ತಿ ಮೂಸಿ, ಕೆಳಗಿಟ್ಟು, ಎಲೆಅಡಿಕೆ ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿ, "ಎಂಟುನೂರು" ಎಂದರು.

ನಾನು ಉತ್ಸಾಹದಿಂದ, "ಎಂಟುನೂರು! ಮುಂದೆ ಯಾರು?" ಎಂದೆ. ಯಾರೂ ಮುಂದೆ ಬರಲಿಲ್ಲ. ಅಳಿಯ ತನ್ನ ಚಪ್ಪಲಿ ನೋಡಿಕೊಂಡ. ಬಾಡಿಗೆಯವರು ಆಕಾಶ ನೋಡಿದರು. ಮದನಪಲ್ಲಿಯವನು ಕೆಮ್ಮಿದ. ಆ ಕೆಮ್ಮು ಕೂಗೇನೋ ಎಂದು ನಾನು ಮೈಕನ್ನು ಅವನ ಬಾಯಿಗೆ ಹಿಡಿದೆ. ಅವನು ಹೆದರಿ ಹಿಂದೆ ಹಾರಿದ.

"ಯಾಕೆ ಸುಮ್ಮನಿದ್ದೀರಿ? ಏರಿಸಿ!" ಎಂದರು ತಜ್ಞರು ನನ್ನ ಮೂಲಕ.

"ದೊಡ್ಡೋರು ಹೇಳಿದ್ಮೇಲೆ ಇನ್ನೇನೈತೆ ಸಾರ್" ಎಂದರು ಲಾರಿಯವರು, ವಿನಯದಿಂದ. ಉಳಿದವರು ತಲೆಯಾಡಿಸಿದರು. ಅಷ್ಟು ಜನರ ಮುಂದೆ, ಮೈಕಿನಲ್ಲಿ, ಮಾವನ ಮಾತಿಗೆ ಮೇಲೆ ಮಾತು ಹೇಳುವ ಅಳಿಯ ನಮ್ಮ ಸೀಮೆಯಲ್ಲಿ ಹುಟ್ಟಿರಲಿಲ್ಲ. ಉಂಡ ಮನೆಯ ಯಜಮಾನನ ದರಕ್ಕೆ ದರ ಏರಿಸುವಷ್ಟು ಮಾನಗೆಟ್ಟವನು ಮದನಪಲ್ಲಿಯಲ್ಲೂ ಹುಟ್ಟಿರಲಿಲ್ಲ. ಇದು ಅಲ್ಲಿದ್ದ ಎಮ್ಮೆಕರುಗಳಿಗೂ ಗೊತ್ತಿದ್ದ ವಿಷಯ. ಗೊತ್ತಿಲ್ಲದಿದ್ದವರು ಇಬ್ಬರೇ: ಪ್ರಪಂಚ ಸುತ್ತಿದ ತಜ್ಞರು ಮತ್ತು ಬಿ.ಎ. ಮಾಡಿದ ನಾನು.

ಕ್ರಮದ ಪ್ರಕಾರ ಮೂರು ಸಲ ಎಣಿಸಬೇಕು. "ಎಂಟುನೂರು, ಒಂದು ಸಲ" ಎಂದೆ. ಧ್ವನಿವರ್ಧಕ ಅದನ್ನು ಬಸ್ ನಿಲ್ದಾಣದವರೆಗೂ ಮುಟ್ಟಿಸಿತು. ಮೈದುನ ಬೀಡಿ ಎಸೆದು ಹತ್ತಿರ ಬಂದ. "ಎಂಟುನೂರು, ಎರಡು ಸಲ." ಅತ್ತೆ ನನ್ನನ್ನೇ ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ನನ್ನನ್ನು ಆ ತೋಪಿನ ಕೊಂಬೆಗೆ ಸೀರೆ ಕಟ್ಟಿ ತೂಗಿದವಳು. ಮೂರು ಸಲ ಎನ್ನಲು ಬಾಯಿ ತೆರೆದೆ, ನಾಲಿಗೆ ಏಳಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ನಾಚಿಕೆ ಮತ್ತೆಂದೂ ಆಗಿಲ್ಲ. ಮೈಕ್ ಮಾತ್ರ ಕುಂಯ್ ಎಂದು ಕೂಗುತ್ತಿತ್ತು.

"ಆರ್ಸೋ ಅದ್ನ!" ಎಂದು ಅತ್ತೆ ಎದ್ದು ನಿಂತಳು. "ಮೂರ್ನೇ ಸಲ ಅಂದ್ರೆ ನಿನ್ನ ನಾಲ್ಗೆ ಕಿತ್ತಾಕ್ತೀನಿ. ಹಣ್ಣು ನಂದು. ನಾನಿನ್ನೂ ಕೊಟ್ಟಿಲ್ಲ."

"ಏನಮ್ಮಾ ಇದು, ಸರ್ಕಾರಿ ಕೆಲ್ಸ" ಎಂದರು ನಮ್ಮ ಸಾಹೇಬರು.

"ಸರ್ಕಾರಿ ಕೆಲ್ಸ ಆಯ್ತಲ್ಲ, ಈಗ ನನ್ನ ಕೆಲ್ಸ ಆಗ್ಲಿ. ಟವಲ್ ಹಾಕ್ರಿ."

ದಲ್ಲಾಳಿ ತನ್ನ ಹೆಗಲಿನ ಜಾಳು ಟವಲ್ಲು ತೆಗೆದ. ಯಜಮಾನರ ಗುಮಾಸ್ತ ಕನ್ನಡಕ ಒರೆಸಿಕೊಂಡು ಮುಂದೆ ಬಂದ. ಅತ್ತೆ ಇಬ್ಬರನ್ನೂ ನೋಡಿದಳು. ಸರಸರನೆ ನಡೆದು ಹೋಗಿ ತಜ್ಞರ ಹೆಗಲ ಮೇಲಿದ್ದ ಟವಲ್ಲನ್ನು ಎಳೆದುಕೊಂಡಳು. ಅವಳಿಗೂ ಬೆವರು ಒರೆಸಿಕೊಳ್ಳಬೇಕಿದೆ ಎಂದುಕೊಂಡ ಆ ಒಳ್ಳೆಯ ಮನುಷ್ಯ ತಲೆಬಾಗಿ ಕೊಟ್ಟರು.

"ನಾನು ಕೈ ಕೊಟ್ರೆ ನೀವ್ಯಾರೂ ಮುಟ್ಟಲ್ಲ" ಎಂದಳು ಖರೀದಿದಾರರಿಗೆ. "ದಲ್ಲಾಳಿ ಕಣ್ಣು ಹೊಡೀತಾನೆ. ಇವ್ನು ನನ್ನ ಅಣ್ಣನ ಮಗ. ಇವ್ನ ಕೈಯೇ ನನ್ನ ಕೈ." ಹೀಗೆಂದು ನನ್ನ ಬಲಗೈ ಮೇಲೆ ಆ ಟವಲ್ ಹೊದೆಸಿದಳು. ಇನ್ನೂ ಒಣಗಿರಲಿಲ್ಲ. ಸರ್ಕಾರಿ ನೌಕರ ಹಾಡಹಗಲೇ ಟವಲ್ ವ್ಯಾಪಾರಕ್ಕೆ ನಿಲ್ಲುವುದೆಂದರೆ ಸಸ್ಪೆಂಡಿಗೆ ಅರ್ಜಿ ಹಾಕಿದಂತೆ. ನಾನು ಸಾಹೇಬರ ಕಡೆ ನೋಡಿದೆ. ಅವರು ಬೆನ್ನು ತಿರುಗಿಸಿ ಮಂಡಿಯ ಅಂಚಿನ ಹುಣಸೆಮರದಲ್ಲಿ ಏನನ್ನೋ ಬಹಳ ಆಸಕ್ತಿಯಿಂದ ಹುಡುಕುತ್ತಿದ್ದರು. ಆ ಒಂದು ಉಪಕಾರಕ್ಕಾಗಿ ಅವರ ಎಲ್ಲ ಗದರಿಕೆಗಳನ್ನೂ ನಾನು ಮನ್ನಿಸಿದ್ದೇನೆ.

ಮೊದಲು ಬಾಡಿಗೆಯವರು ಬಂದರು. ಮೈಕಿನ ಮುಂದೆ ಆಕಾಶ ನೋಡಿದ್ದ ಅದೇ ಮನುಷ್ಯ ಅಂಗೈ ಒತ್ತಿ ಒಂದು ಬೆರಳು ಹಿಡಿದರು. ಸಾವಿರದ ನೂರು. ಮುಖದಲ್ಲಿ ತೋರಿಸುವಂತಿಲ್ಲ. ಲಾರಿಯವರೂ ಅಷ್ಟೇ ಹಿಡಿದರು. ಮದನಪಲ್ಲಿಯವನು ಅಂಗೈ, ಎರಡು ಬೆರಳು. ಆಮೇಲೆ ಅಳಿಯ ಬಂದ. ಮಾವನ ಕಡೆ ಭಕ್ತಿಯಿಂದ ನೋಡುತ್ತಾ, ಟವಲ್ಲಿನಡಿ ಅಂಗೈ ಒತ್ತಿ ಮೂರು ಬೆರಳು ಹಿಡಿದ. ಬಿಡುವಂತೆ ಮಾಡಿ, ನಾಲ್ಕನೆಯದನ್ನೂ ಹಿಡಿದ. ಗುಮಾಸ್ತ ಟವಲ್ಲಿಗೆ ಮೂಗು ತಾಗುವಷ್ಟು ಬಗ್ಗಿದ್ದ. ಆ ದಪ್ಪ ಬಟ್ಟೆಯಡಿ ಬೆರಳಲ್ಲ, ಮೊಲ ಓಡಾಡಿದ್ದರೂ ಅವನಿಗೆ ಕಾಣುತ್ತಿರಲಿಲ್ಲ. ಅವನು ಯಜಮಾನರ ಕಡೆ ತಿರುಗಿ ಏನೂ ತಿಳಿಯಲಿಲ್ಲವೆಂದು ತಲೆಯಲ್ಲಾಡಿಸಿದ. ಯಜಮಾನರು ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

ಕೊನೆಯವರಾಗಿ ಅವರ ಕೈ ಒಳಗೆ ಬಂತು. ಸ್ವಲ್ಪ ಬೆವೆತಿತ್ತು. ಮೊದಲು ಅಂಗೈ ಒತ್ತಿದರು. ಒಂದು ಬೆರಳು ಹಿಡಿದು ನನ್ನ ಮುಖ ನೋಡಿದರು. ಅದೇ ಹೊತ್ತಿಗೆ ನನ್ನ ಮೂಗಿನ ಮೇಲೆ ಒಂದು ನೊಣ ಕೂತಿತು. ಅದನ್ನು ಓಡಿಸಿದರೆ ಅವರು ಏನು ಅರ್ಥ ಮಾಡಿಕೊಳ್ಳುತ್ತಾರೋ ಎಂದು ಹಾಗೇ ನಿಂತೆ. ಅವರು ಎರಡನೇ ಬೆರಳು ಹಿಡಿದು ಬಾಡಿಗೆಯವರನ್ನು ನೋಡಿದರು. ಮೂರನೆಯದು ಹಿಡಿದು ಮದನಪಲ್ಲಿಯವನನ್ನು ನೋಡಿದರು. ಅವನು ಮತ್ತೆ ಕೆಮ್ಮಿದ. ನಾಲ್ಕನೆಯದು ಹಿಡಿದು ಅಳಿಯನನ್ನು ನೋಡಿದರು. ಅಳಿಯ ಪಂಚೆಯ ತುದಿಯಿಂದ ಮೂಗು ಒರೆಸಿಕೊಳ್ಳುತ್ತಾ, ಹಸುಗೂಸಿನ ಮುಖ ಮಾಡಿಕೊಂಡು ನಿಂತಿದ್ದ. ಆ ಮುಖ ನೋಡಿದ ಮೇಲೆ ಯಜಮಾನರು ತಡೆದುಕೊಳ್ಳಲಿಲ್ಲ. ಐದೂ ಬೆರಳನ್ನು ಒಟ್ಟಿಗೆ ಹಿಸುಕಿದರು. ಸಾವಿರದ ಐನೂರು.

ಹತ್ತು ನಿಮಿಷದ ಹಿಂದೆ ಮೈಕಿನಲ್ಲಿ ಎಂಟುನೂರು ಎಂದು ಗೆಲ್ಲುವುದರಲ್ಲಿದ್ದ ಮನುಷ್ಯ ಅವರೇ.

"ದೊಡ್ಡ ಯಜಮಾನ್ರಿಗೆ" ಎಂದೆ. ನೊಣ ಹಾರಿತು.

"ದೊಡ್ಡೋರು ಕೈ ಹಾಕಿದ್ಮೇಲೆ ಇನ್ನೇನೈತೆ" ಎಂದರು ಉಳಿದ ನಾಲ್ವರೂ, ಅಷ್ಟೇ ವಿನಯದಿಂದ. ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, "ನನ್ನ ಹಿಂದೆ ಎರಡ್ನೇ ಕೈ ಯಾರ್ದಪ್ಪಾ?" ಎಂದು ಪಿಸುಗುಟ್ಟಿದರು. "ಹೇಳೋ ಹಂಗಿಲ್ಲ ಯಜಮಾನ್ರೇ" ಎಂದೆ. ಅಳಿಯ ಅವರಿಗೆ ಕೊಡೆ ಹಿಡಿದುಕೊಂಡು ಕರೆದೊಯ್ದ. ನನ್ನಿಂದ ದರ ತಿಳಿದುಕೊಂಡ ಅತ್ತೆ ಬಾಗಿ ಅದನ್ನು ಮೈದುನನ ಕಿವಿಯಲ್ಲಿ ಮಾತ್ರ ಹೇಳಿದಳು. ಅವನು ಎಸೆದಿದ್ದ ಬೀಡಿಯನ್ನು ನೆಲದಲ್ಲಿ ಹುಡುಕತೊಡಗಿದ.

ತಜ್ಞರು ಮರದ ಪೆಟ್ಟಿಗೆಯ ಮೇಲೆ ಕೂತು ಎಲ್ಲವನ್ನೂ ನನ್ನಿಂದ ಮೊದಲಿನಿಂದ ಹೇಳಿಸಿಕೊಂಡರು. ಯಾರ ಹೆಸರನ್ನೂ ಹೇಳದೆ, ಬಯಲಲ್ಲಿ ದೊಡ್ಡವರಿಗೆ ಹೆದರುವ ಬಾಯಿ ಬಟ್ಟೆಯಡಿ ಕೈಯಾಗಿ ಹೆದರುವುದಿಲ್ಲ ಎಂದು ವಿವರಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ದೇಶದಲ್ಲಿ ಇದೇ ಕೆಲಸಕ್ಕೆ ಅರಗಿನ ಮುದ್ರೆ ಹಾಕಿದ ಲಕೋಟೆಯಲ್ಲಿ ದರ ಬರೆಸಿ ತರಿಸಿಕೊಳ್ಳುತ್ತಾರೆಂದೂ, ತಾವೇ ಅದನ್ನು ಇನ್ನೂ ಎರಡು ದೇಶಗಳಿಗೆ ಕಲಿಸಿ ಬಂದಿರುವುದಾಗಿಯೂ, ಟವಲ್ಲಿನೊಳಗಿದ್ದ ಲಕೋಟೆ ತಮಗೆ ಕಾಣದೇ ಹೋಯಿತೆಂದೂ ಹೇಳಿದರು. ಅವತ್ತು ನನಗೆ ಅವರ ಮೇಲೆ ನಿಜವಾದ ಪ್ರೀತಿ ಹುಟ್ಟಿತು. ತಪ್ಪನ್ನು ಅಷ್ಟು ಸಂತೋಷವಾಗಿ ಒಪ್ಪಿಕೊಂಡ ಇನ್ನೊಬ್ಬ ತಜ್ಞರನ್ನು ನನ್ನ ಇಡೀ ನೌಕರಿಯಲ್ಲಿ ನೋಡಲಿಲ್ಲ.

ಬೆವರು ಒರೆಸಿಕೊಳ್ಳಲು ಅವರು ಹೆಗಲು ಮುಟ್ಟಿಕೊಂಡರು. ಟವಲ್ ಇರಲಿಲ್ಲ. ಅತ್ತೆ ಅದನ್ನು ನಾಲ್ಕು ಮಡಿಕೆ ಮಾಡಿ ಬುಟ್ಟಿಯ ತಳಕ್ಕಿಟ್ಟು, ಮೇಲೆ ಹಣ್ಣು ತುಂಬಿ, ಆಗಲೇ ಗಾಡಿ ಹತ್ತಿದ್ದಳು. "ಅವ್ರ ಊರು ತಣ್ಣಗಂತಲ್ಲ ನಾಯ್ನಾ, ಅವ್ರಿಗ್ಯಾಕೆ?" ಎಂದಳು ನಾನು ಓಡಿ ಹೋಗಿ ಕೇಳಿದಾಗ. ಬದಲಿಗೆ ಒಂದು ಬುಟ್ಟಿ ರಸಪುರಿ ಕೊಟ್ಟು ಕಳಿಸಿದಳು.

ತಜ್ಞರು ಹೋದ ಮೇಲೆ ಬೆಂಗಳೂರಿನಿಂದ ಒಂದು ನಮೂನೆ ಬಂತು. ನೆರವಿನಲ್ಲಿ ಬಂದ ಯಂತ್ರೋಪಕರಣಗಳ ವಿವರ ತುಂಬಬೇಕಿತ್ತು. ನಾನು "ಟವಲ್, ಒಂದು, ಸುಸ್ಥಿತಿಯಲ್ಲಿದೆ" ಎಂದು ಬರೆದೆ. ಸಾಹೇಬರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಮೈಕ್ ಸೆಟ್ ಎಂದು ತಿದ್ದಿದರು. ಅದು ಬಾಡಿಗೆಯದಾಗಿತ್ತು.

ಮುಂದಿನ ವರ್ಷ ತೋಪು ಹೂವು ಬಿಟ್ಟಾಗ ನಾನು ಅತ್ತೆಯ ಮನೆಯಲ್ಲಿದ್ದೆ. ದೊಡ್ಡ ಯಜಮಾನರು ತಾವೇ ಬಂದರು, ಮೈದುನನನ್ನು ಜೊತೆಗೆ ಕರೆದುಕೊಂಡು. ಜಗಲಿಯಲ್ಲಿ ಕೂತು ಮಳೆ ಬೆಳೆ ಎಲ್ಲ ಮಾತಾಡಿ, ಕೊನೆಗೆ, "ತೋಪು ಗುತ್ತಿಗೆಗೆ ಕೊಟ್ಬಿಡಮ್ಮಾ, ಹಿಂದಿನ ರೇಟಿಗಿಂತ ಮೇಲೇ ಹಾಕ್ತೀನಿ. ನಿಂಗ್ಯಾಕೆ ಈ ಮಂಡಿ ತಾಪತ್ರಯ" ಎಂದರು.

ಅತ್ತೆ ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದು ಹಾಕಿದ ಸದ್ದಾಯಿತು. ಹೊರಗೆ ಬಂದಾಗ ಅವಳ ಹೆಗಲ ಮೇಲೆ ನೀಲಿ ಪಟ್ಟಿಯ ಟವಲ್ ಇತ್ತು, ಚೆನ್ನಾಗಿ ಒಣಗಿತ್ತು. ಯಜಮಾನರಿಗೆ ಮಜ್ಜಿಗೆ ಕೊಟ್ಟಳು.

"ಹಣ್ಣಾಗ್ಲಿ ಅಣ್ಣಾ" ಎಂದಳು. "ಆಗ ಕೈ ಕೊಡಿ."